ಕರೆದ ಹೆಸರಿಗೆ ಹೆಜ್ಜೆ ಇಡದವರು

ಇವತ್ತು ಜನವರಿ 17. ಮಹಮ್ಮದ್ ಅಲಿ ಹುಟ್ಟಿದ ದಿನ. ಬೆಳಗ್ಗೆಯಿಂದ ನಿಮ್ಮ ಮೊಬೈಲ್‌ಗೆ ಅವರ ಫೋಟೋ ಬಂದಿರಬಹುದು. ಕೆಳಗೆ ಬಿದ್ದಿರುವ ಎದುರಾಳಿ, ಮೇಲೆ ನಿಂತು ಕೈ ಮಡಚಿ ಗದರುತ್ತಿರುವ ಅಲಿ. ಎಲ್ಲರಿಗೂ ಗೊತ್ತಿರುವ ಫೋಟೋ. ನಾನು ಇವತ್ತು ಮಾತಾಡೋದು ಫೋಟೋ ಇಲ್ಲದ ಒಂದು ಕ್ಷಣದ ಬಗ್ಗೆ.

1967ರ ಏಪ್ರಿಲ್ 28. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರ. ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳುವ ಸರ್ಕಾರಿ ಕಚೇರಿ. ಸಾಲಾಗಿ ಯುವಕರು ನಿಂತಿದ್ದಾರೆ. ಅಧಿಕಾರಿ ಒಬ್ಬೊಬ್ಬರ ಹೆಸರು ಕೂಗ್ತಾನೆ. ಹೆಸರು ಕೂಗಿಸಿಕೊಂಡವನು ಒಂದು ಹೆಜ್ಜೆ ಮುಂದೆ ಇಡಬೇಕು. ಇಟ್ಟರೆ ಸೈನಿಕ ಆದ ಅಂತ ಲೆಕ್ಕ. ವಿಯೆಟ್ನಾಂ ಯುದ್ಧ ನಡೀತಾ ಇದ್ದ ಕಾಲ ಅದು.

"ಕ್ಯಾಸಿಯಸ್ ಕ್ಲೇ" ಅಂತ ಕೂಗಿದರು. ಇಪ್ಪತ್ತೈದು ವರ್ಷದ ಒಬ್ಬ ಯುವಕ ಅಲ್ಲಾಡಲಿಲ್ಲ. ಅಧಿಕಾರಿ ಪಕ್ಕಕ್ಕೆ ಕರೆದು ತಿಳಿಹೇಳಿದ: ಹೆಜ್ಜೆ ಇಡದಿದ್ದರೆ ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ. ಮತ್ತೆ ಹೆಸರು ಕೂಗಿದರು. ಮತ್ತೂ ಅಲ್ಲಾಡಲಿಲ್ಲ.

ಆ ಯುವಕ ಅವತ್ತು ಜಗತ್ತಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್. ಒಂದೇ ಒಂದು ಪಂದ್ಯ ಸೋತವನಲ್ಲ. ಅದೇ ದಿನ ನ್ಯೂಯಾರ್ಕ್ ರಾಜ್ಯದ ಬಾಕ್ಸಿಂಗ್ ಆಯೋಗ ಅವರ ಪರವಾನಗಿ ಅಮಾನತು ಮಾಡಿತು. ವಿಶ್ವ ಬಾಕ್ಸಿಂಗ್ ಸಂಸ್ಥೆ ಚಾಂಪಿಯನ್ ಪಟ್ಟ ಕಿತ್ತುಕೊಂಡಿತು. ಇನ್ನೂ ಕೋರ್ಟು ಇಲ್ಲ, ವಿಚಾರಣೆ ಇಲ್ಲ, ತೀರ್ಪು ಇಲ್ಲ. ಶಿಕ್ಷೆ ಮಾತ್ರ ಶುರುವಾಗಿಹೋಯಿತು.

ಬಾಕ್ಸಿಂಗ್ ರಿಂಗ್‌ನಲ್ಲಿ ಅಲಿಯನ್ನು ಮೀರಿಸಿದವರು ಇದ್ದಾರೋ ಇಲ್ಲವೋ, ಆ ಚರ್ಚೆ ಪರಿಣತರಿಗೆ ಬಿಡೋಣ. ಜಗತ್ತು ಅವರನ್ನು ಇಷ್ಟು ನೆನಪಿಟ್ಟುಕೊಂಡಿರುವುದು ಅವತ್ತು ಇಡದ ಆ ಒಂದು ಹೆಜ್ಜೆಗೆ. ಅದಕ್ಕೆ ಅವರು ಕೊಟ್ಟ ಬೆಲೆ ಎಷ್ಟು, ಗೌರವ ಬಂದದ್ದು ಯಾವಾಗ, ಇಷ್ಟನ್ನು ಇವತ್ತು ಲೆಕ್ಕ ಹಾಕೋಣ.

ನಾನು ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರದವನು. ನಮ್ಮೂರಲ್ಲಿ ಚಾಲುಕ್ಯರ ಕಾಲದ ಶಿವ ದೇವಾಲಯ ಇದೆ. ಅಲ್ಲಿಂದ ಬಸವಕಲ್ಯಾಣದ ಕಡೆ ಹೋದರೆ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಕಾಣುತ್ತೆ. ಹುಮನಾಬಾದ್ ಕಡೆಯಿಂದ ಬರುವ ಪ್ರವಾಸಿಗರು ಅದರ ಮುಂದೆ ನಿಂತು ಸೆಲ್ಫಿ ತೆಗೀತಾರೆ. ಒಳ್ಳೆಯದೇ. ಆದರೆ ಒಂದು ಮಾತು ನೆನಪಿರಲಿ. ಯಾವ ಊರಿನಲ್ಲಿ ಇವತ್ತು ಬಸವಣ್ಣ 108 ಅಡಿ ಎತ್ತರ ನಿಂತಿದ್ದಾರೋ, ಅದೇ ಊರನ್ನು ಅವರು ಬಿಟ್ಟು ಹೋಗಬೇಕಾಯಿತು. ಶರಣರು ಚೆಲ್ಲಾಪಿಲ್ಲಿಯಾಗಿ ಉಳವಿಯ ಕಡೆ, ಶ್ರೀಶೈಲದ ಕಡೆ ಹೋದರು. ಕಲ್ಯಾಣದ ಮಣ್ಣಿನಲ್ಲಿ ಬೆಳೆದವನಿಗೆ ಅಲಿಯ ಕತೆ ಅಷ್ಟೇನೂ ದೂರದ್ದು ಅನಿಸಲ್ಲ. ಯಾಕೆ ಅಂತ ಹೇಳ್ತೀನಿ.

ಕತೆಯನ್ನು ಮೊದಲಿಂದ ನೋಡೋಣ. 1942ರ ಜನವರಿ 17ರಂದು ಕೆಂಟಕಿ ರಾಜ್ಯದ ಲೂಯಿವಿಲ್ ಊರಲ್ಲಿ ಹುಟ್ಟಿದ ಹುಡುಗ. ಅಪ್ಪ ಅಂಗಡಿ ಬೋರ್ಡುಗಳಿಗೆ ಬಣ್ಣ ಬಳಿದು ಅಕ್ಷರ ಬರೆಯುವ ಪೇಂಟರ್. ಅಮ್ಮ ಬಿಳಿಯರ ಮನೆಗಳಲ್ಲಿ ಅಡುಗೆ, ಕಸ ಮುಸುರೆ ಕೆಲಸ ಮಾಡುವವರು. ಕರಿಯರಿಗೆ ಬೇರೆ ಶಾಲೆ, ಬೇರೆ ಹೋಟೆಲ್ ಇದ್ದ ಕಾಲ. ನಮ್ಮ ಹಳ್ಳಿಗಳಲ್ಲಿ ಚಹದಂಗಡಿಯಲ್ಲಿ ಬೇರೆ ಲೋಟ ಇಡುತ್ತಿದ್ದರಲ್ಲ, ಆ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1954ರಲ್ಲಿ ಹುಡುಗನಿಗೆ ಹನ್ನೆರಡು ವರ್ಷ. ಒಂದು ಮೇಳಕ್ಕೆ ಹೋಗಿದ್ದಾಗ ಹೊಸ ಸೈಕಲ್ ಕಳುವಾಯಿತು. ಅಳ್ತಾ ಪೊಲೀಸರನ್ನು ಹುಡುಕಿಕೊಂಡು ಅದೇ ಕಟ್ಟಡದ ನೆಲಮಾಳಿಗೆಗೆ ಹೋದ. ಅಲ್ಲಿ ಜೋ ಮಾರ್ಟಿನ್ ಅನ್ನುವ ಪೊಲೀಸ್ ಅಧಿಕಾರಿ ಹುಡುಗರಿಗೆ ಬಾಕ್ಸಿಂಗ್ ಕಲಿಸ್ತಿದ್ದರು. "ಸೈಕಲ್ ಕದ್ದವನು ಸಿಕ್ಕರೆ ಹೊಡೀತೀನಿ" ಅಂದ ಹುಡುಗ. "ಮೊದಲು ಹೊಡೆಯೋದು ಕಲಿ" ಅಂದರು ಮಾರ್ಟಿನ್. ಸೈಕಲ್ ಸಿಗಲಿಲ್ಲ. ಬಾಕ್ಸಿಂಗ್ ಸಿಕ್ಕಿತು.

ಓದಿನಲ್ಲಿ ಹೇಗಿದ್ದ ಅಂತೀರಾ? ಹೈಸ್ಕೂಲ್ ಮುಗಿಸಿದಾಗ 391 ಮಂದಿಯಲ್ಲಿ 376ನೇ ಸ್ಥಾನ. ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದು ತಲೆ ಮೇಲೆ ಕೈ ಹೊತ್ತು ಕೂತಿರುವ ಅಪ್ಪ ಅಮ್ಮಂದಿರು ಇದನ್ನು ಬರೆದಿಟ್ಟುಕೊಳ್ಳಿ. ಅದೇ ವರ್ಷ, 1960ರಲ್ಲಿ, ಅದೇ ಹುಡುಗ ರೋಮ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಚಿನ್ನ ಗೆದ್ದ. ವಯಸ್ಸು ಹದಿನೆಂಟು. ಚಿನ್ನ ಕೊರಳಲ್ಲಿ ಹಾಕಿಕೊಂಡು ಊರಿಗೆ ಬಂದರೂ ಬಿಳಿಯರ ಹೋಟೆಲ್‌ನಲ್ಲಿ ಊಟ ಸಿಗ್ತಿರಲಿಲ್ಲ. ಸಿಟ್ಟಿನಲ್ಲಿ ಪದಕವನ್ನು ಓಹಿಯೋ ನದಿಗೆ ಎಸೆದ ಅನ್ನೋ ಕತೆ ಬಹಳ ಪ್ರಸಿದ್ಧ. ಎಸೆದನೋ, ಎಲ್ಲೋ ಕಳೆದುಹೋಯಿತೋ, ಅವರ ಹತ್ತಿರದವರೇ ಬೇರೆ ಬೇರೆ ಹೇಳ್ತಾರೆ. ಕತೆ ಬಿಡಿ. ಊಟ ಸಿಗದಿರುವ ಊರು ಮಾತ್ರ ನಿಜ.

1964ರ ಫೆಬ್ರವರಿ 25. ಮಯಾಮಿ ಬೀಚ್. ಎದುರಿಗೆ ಸೋನಿ ಲಿಸ್ಟನ್. ಲಿಸ್ಟನ್ ಹೆಸರು ಕೇಳಿದರೆ ದೊಡ್ಡ ದೊಡ್ಡ ಬಾಕ್ಸರ್‌ಗಳೇ ಬೆವರುತ್ತಿದ್ದ ಕಾಲ. ಬೆಟ್ಟಿಂಗ್ ದರ ಏಳಕ್ಕೆ ಒಂದು, ಲಿಸ್ಟನ್ ಪರವಾಗಿ. ಆರು ಸುತ್ತು ಮುಗಿದವು. ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲ್ ಬಿಟ್ಟು ಏಳಲೇ ಇಲ್ಲ. ಇಪ್ಪತ್ತೆರಡು ವರ್ಷಕ್ಕೆ ವಿಶ್ವ ಚಾಂಪಿಯನ್.

ಆಮೇಲೆ ಹತ್ತು ದಿನದೊಳಗೆ ನಡೆದದ್ದು ಅಮೆರಿಕಕ್ಕೆ ಆ ಗೆಲುವಿಗಿಂತ ದೊಡ್ಡ ಆಘಾತ. ನೇಷನ್ ಆಫ್ ಇಸ್ಲಾಂ ಅನ್ನುವ ಕರಿಯರ ಧಾರ್ಮಿಕ ಸಂಘಟನೆಗೆ ತಾನು ಸೇರಿದ್ದೇನೆ ಅಂತ ಚಾಂಪಿಯನ್ ಘೋಷಿಸಿದ. ಅದರ ನಾಯಕ ಎಲೈಜಾ ಮಹಮ್ಮದ್ ಮಾರ್ಚ್ 6ರಂದು ಹೊಸ ಹೆಸರು ಕೊಟ್ಟರು: ಮಹಮ್ಮದ್ ಅಲಿ. ಕ್ಯಾಸಿಯಸ್ ಕ್ಲೇ ಅನ್ನೋದು ಗುಲಾಮರಿಗೆ ಯಜಮಾನರು ಇಟ್ಟ ಹೆಸರು, ಅದು ನನಗೆ ಬೇಡ ಅಂದರು ಅಲಿ. ಇದರಲ್ಲಿ ಒಂದು ವಿಚಿತ್ರ ಇದೆ. ಆ ಹೆಸರಿನ ಮೂಲ ಪುರುಷ 19ನೇ ಶತಮಾನದ ಒಬ್ಬ ಬಿಳಿಯ ರಾಜಕಾರಣಿ. ಗುಲಾಮಗಿರಿಯ ವಿರುದ್ಧ ಹೋರಾಡಿದವರು. ಹೆಸರಿನ ಹಿಂದೆ ಒಳ್ಳೆಯ ಮನುಷ್ಯನೇ ಇದ್ದ. ಆದರೂ ಇನ್ನೊಬ್ಬರು ಕೊಟ್ಟ ಗುರುತು ಇನ್ನೊಬ್ಬರದ್ದೇ ಅಲ್ಲವೇ? ಅಲಿಯ ಪ್ರಶ್ನೆ ಅದಾಗಿತ್ತು.

ಪತ್ರಿಕೆಗಳು ಒಪ್ಪಲಿಲ್ಲ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯೇ ವರ್ಷಗಟ್ಟಲೆ "ಕ್ಲೇ" ಅಂತಲೇ ಬರೆಯಿತು. ಎದುರಾಳಿಗಳು ಬೇಕಂತಲೇ ಹಳೇ ಹೆಸರು ಕೂಗಿ ಕೆಣಕಿದರು. ಅರ್ನಿ ಟೆರೆಲ್ ಹಾಗೆ ಕೆಣಕಿದವರಲ್ಲಿ ಒಬ್ಬ. 1967ರ ಫೆಬ್ರವರಿಯಲ್ಲಿ ಇಬ್ಬರೂ ರಿಂಗ್‌ಗೆ ಇಳಿದಾಗ ಅಲಿ ಹದಿನೈದು ಸುತ್ತು ಅವನನ್ನು ಹೊಡೆದು, ನಡುನಡುವೆ "ನನ್ನ ಹೆಸರೇನು ಹೇಳು" ಅಂತ ಕೇಳ್ತಾ ಹೋದರು.

ಹೆಸರಿನ ಈ ಜಗಳ ನಮಗೆ ಹೊಸದೇನ್ರಿ? ಊರಿಗೆ ಹೊಸಬರು ಬಂದರೆ ಮೊದಲ ಪ್ರಶ್ನೆ ಹೆಸರು, ಎರಡನೇ ಪ್ರಶ್ನೆ ಅಡ್ಡಹೆಸರು. ಯಾಕೆ ಅಂತ ಎಲ್ಲರಿಗೂ ಗೊತ್ತು. ಕಲ್ಯಾಣದ ಶರಣರು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ. ಯಾವ ಕುಲದ ಹೆಸರು ಹೇಳಿ ಜನರನ್ನು ಕೆಳಗಿಡುತ್ತಿದ್ದರೋ ಅದೇ ಹೆಸರನ್ನು ಮುಂದಿಟ್ಟುಕೊಂಡು, ಅದಕ್ಕೆ "ಅಯ್ಯ" ಸೇರಿಸಿ, ನೀವೇ ಗೌರವ ಕೊಟ್ಟು ಕರೀಬೇಕು ಅಂದರು. ಅಲಿ ಹೆಸರನ್ನೇ ಬಿಸಾಕಿದರು. ದಾರಿ ಬೇರೆ. ಕೇಳಿದ್ದು ಒಂದೇ: ನಾನು ಯಾರು ಅಂತ ಹೇಳುವ ಹಕ್ಕು ಯಾರದು?

ಈಗ ಯುದ್ಧದ ವಿಷಯ. 1964ರಲ್ಲೇ ಸೈನ್ಯ ಅಲಿಯನ್ನು ಪರೀಕ್ಷೆಗೆ ಕರೆದಿತ್ತು. ಬುದ್ಧಿಮತ್ತೆಯ ಲಿಖಿತ ಪರೀಕ್ಷೆಯಲ್ಲಿ ಫೇಲ್. ಸೇನೆಗೆ ಲಾಯಕ್ಕಿಲ್ಲ ಅಂತ ಬಿಟ್ಟರು. 1966ರಲ್ಲಿ ವಿಯೆಟ್ನಾಂಗೆ ಇನ್ನಷ್ಟು ಜನ ಬೇಕಾಯಿತು. ಪಾಸ್ ಮಾರ್ಕ್ ಇಳಿಸಿದರು. ಫೇಲ್ ಆದವರು ಪಾಸ್ ಆದರು! ಫೆಬ್ರವರಿಯಲ್ಲಿ ಅಲಿಗೆ ಸುದ್ದಿ ಮುಟ್ಟಿತು. ಮನೆ ಮುಂದೆ ಪತ್ರಕರ್ತರ ಗುಂಪು. ವಿಯೆಟ್ನಾಂನವರ ಜೊತೆ ನನಗೇನೂ ಜಗಳ ಇಲ್ಲ ಅಂತ ಅಲಿ ಹೇಳಿಬಿಟ್ಟರು. ಮರುದಿನ ದೇಶವೇ ಹೊತ್ತಿಕೊಂಡಿತು.

ಇವತ್ತಿನ ಕಣ್ಣಿನಿಂದ ನೋಡಿದರೆ ಇದೊಂದು ಸುಲಭದ ಮಾತು ಅನಿಸಬಹುದು. ಆಗ ಹಾಗಿರಲಿಲ್ಲ. ಅಮೆರಿಕದ ಬಹುಪಾಲು ಜನ ಆಗಿನ್ನೂ ಯುದ್ಧದ ಪರ ಇದ್ದರು. ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚ್‌ನಲ್ಲಿ ಯುದ್ಧದ ವಿರುದ್ಧ ತಮ್ಮ ದೊಡ್ಡ ಭಾಷಣ ಮಾಡಿದ್ದು 1967ರ ಏಪ್ರಿಲ್ 4ರಂದು. ಅಲಿ ಬಾಯಿ ಬಿಟ್ಟದ್ದು ಅದಕ್ಕೂ ಒಂದು ವರ್ಷಕ್ಕಿಂತ ಮೊದಲು.

ಇನ್ನೊಂದು ಸಂಗತಿ. ಅಲಿ ಸೈನ್ಯ ಸೇರಿದ್ದರೂ ಕಾಡಿನಲ್ಲಿ ಬಂದೂಕು ಹಿಡಿದು ಓಡಾಡುವ ಪ್ರಮೇಯ ಬಹುಶಃ ಬರ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜೋ ಲೂಯಿಸ್ ಅನ್ನುವ ಮಹಾ ಚಾಂಪಿಯನ್ ಸೈನ್ಯದಲ್ಲಿದ್ದು ಸೈನಿಕರ ಮನರಂಜನೆಗೆ ಪ್ರದರ್ಶನ ಪಂದ್ಯ ಆಡಿಕೊಂಡಿದ್ದರು. ಅಂಥ ದಾರಿ ಅಲಿಗೂ ಇತ್ತು. ಸಮವಸ್ತ್ರ ಹಾಕು, ಫೋಟೋಗೆ ನಿಲ್ಲು, ಎರಡು ವರ್ಷ ಕಳಿ, ವಾಪಸ್ ಬಂದು ಕೋಟಿ ಗಳಿಸು. ಜೀವಕ್ಕೆ ಹೆದರಿ ಹಿಂದೆ ಸರಿದ ಅಂತ ಹೇಳುವವರು ಈ ಲೆಕ್ಕ ನೋಡಬೇಕು.

ನಡೆದದ್ದೇನು? 1967ರ ಜೂನ್ 20ರಂದು ಹ್ಯೂಸ್ಟನ್ ಕೋರ್ಟಿನಲ್ಲಿ ತೀರ್ಪು. ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಒಳಗೆ ಹೋಗಿ ಚರ್ಚಿಸಿ ಹೊರಗೆ ಬರೋಕೆ ತೆಗೆದುಕೊಂಡದ್ದು 21 ನಿಮಿಷ. ನಮ್ಮ ಚಾನೆಲ್‌ನಲ್ಲಿ ಜಾಹೀರಾತು ಸೇರಿಸಿ ಒಂದು ಬುಲೆಟಿನ್ ಅದಕ್ಕಿಂತ ಜಾಸ್ತಿ ಹೊತ್ತು ಓಡುತ್ತೆ. ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ. ಮೇಲ್ಮನವಿ ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ. ಆದರೆ ಪಾಸ್‌ಪೋರ್ಟ್ ಕಿತ್ತುಕೊಂಡರು. ದೇಶದೊಳಗೆ ಯಾವ ರಾಜ್ಯವೂ ಬಾಕ್ಸಿಂಗ್ ಪರವಾನಗಿ ಕೊಡಲಿಲ್ಲ, ದೇಶದ ಹೊರಗೆ ಹೋಗೋ ಹಾಗಿಲ್ಲ. ಬೇಲಿ ಎರಡೂ ಕಡೆ.

ಕೊನೆಯ ಪಂದ್ಯ ಆಡಿದ್ದು 1967ರ ಮಾರ್ಚ್ 22. ಮತ್ತೆ ರಿಂಗ್‌ಗೆ ಇಳಿದದ್ದು 1970ರ ಅಕ್ಟೋಬರ್ 26. ಮೂರು ವರ್ಷ ಏಳು ತಿಂಗಳು. ಇಪ್ಪತ್ತೈದರಿಂದ ಇಪ್ಪತ್ತೆಂಟರ ವಯಸ್ಸು. ನಮ್ಮ ಕಡೆ ತಾಲೀಮಿನಲ್ಲಿ ಬೆಳೆದ ಯಾವ ಪೈಲ್ವಾನನನ್ನಾದರೂ ಕೇಳಿ, ಆ ಮೂರೂವರೆ ವರ್ಷ ಅಂದರೆ ಏನು ಅಂತ ಹೇಳ್ತಾನೆ. ಮೈಯಲ್ಲಿ ಕಸುವು ತುಂಬಿ ತುಳುಕುವ ಕಾಲ, ಜಾತ್ರೆಯಲ್ಲಿ ಬೆಳ್ಳಿ ಕಡಗ ಗೆಲ್ಲುವ ಕಾಲ. ಒಮ್ಮೆ ಹೋದರೆ ಮತ್ತೆ ಬಾರದ ಕಾಲ. ಅಲಿಯ ಕಾಲುಗಳು ಆ ವೇಗಕ್ಕೆ ಮತ್ತೆ ಬರಲೇ ಇಲ್ಲ ಅನ್ನೋದು ಬಾಕ್ಸಿಂಗ್ ಬಲ್ಲವರ ಮಾತು.

ಹೊಟ್ಟೆಪಾಡಿಗೆ ಕಾಲೇಜು ಕಾಲೇಜು ಸುತ್ತಿ ಭಾಷಣ ಮಾಡಿದರು. ಬ್ರಾಡ್‌ವೇ ನಾಟಕವೊಂದರಲ್ಲಿ ಪಾತ್ರ ಮಾಡಿದರು. ಆ ದಿನಗಳಲ್ಲಿ ಕೈಸಾಲ ಕೊಟ್ಟವರಲ್ಲಿ ಒಬ್ಬರ ಹೆಸರು ನೆನಪಿಟ್ಟುಕೊಳ್ಳಿ: ಜೋ ಫ್ರೇಜರ್. ಅಲಿಯ ಜಾಗದಲ್ಲಿ ಚಾಂಪಿಯನ್ ಆದವನು. ಅಲಿಗೆ ಪರವಾನಗಿ ವಾಪಸ್ ಕೊಡಿ ಅಂತ ದನಿ ಎತ್ತಿದವನು. ಅವನ ಬಗ್ಗೆ ಮುಂದೆ ಹೇಳ್ತೀನಿ.

1970ರಲ್ಲಿ ಬಾಗಿಲು ತೆರೆದದ್ದು ಜಾರ್ಜಿಯಾದಲ್ಲಿ. ಆ ರಾಜ್ಯದಲ್ಲಿ ಬಾಕ್ಸಿಂಗ್ ಆಯೋಗವೇ ಇರಲಿಲ್ಲ. ಹಾಗಾಗಿ ಬೇಡ ಅನ್ನೋಕೆ ಯಾರೂ ಇಲ್ಲ! ಲೀರಾಯ್ ಜಾನ್ಸನ್ ಅನ್ನುವ ಕರಿಯ ಶಾಸಕರು ಓಡಾಡಿ ಅಟ್ಲಾಂಟಾ ನಗರದಿಂದ ಅನುಮತಿ ಕೊಡಿಸಿದರು. ಮರುವರ್ಷ ಮಾರ್ಚ್ 8ರಂದು ಫ್ರೇಜರ್ ಜೊತೆ ಪಂದ್ಯ. ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಅಲಿ ಸೋತರು. ವೃತ್ತಿ ಜೀವನದ ಮೊದಲ ಸೋಲು.

1971ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅಲಿಯ ಶಿಕ್ಷೆ ರದ್ದು ಮಾಡಿತು. ಎಂಟಕ್ಕೆ ಸೊನ್ನೆ. ಏಕಾಭಿಪ್ರಾಯ. ಇದನ್ನು ಸತ್ಯಕ್ಕೆ ಸಿಕ್ಕ ಜಯ ಅಂತ ಬರೆದು ಮುಗಿಸಿಬಿಡ್ತಾರೆ ಬಹಳ ಜನ. ತೀರ್ಪಿನ ಒಳಗೆ ಹೋದರೆ ಕತೆ ಸ್ವಲ್ಪ ಬೇರೆ. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲ್ಲ ಅನ್ನುವವನು ಮೂರು ಪರೀಕ್ಷೆ ಪಾಸಾಗಬೇಕಿತ್ತು: ಎಲ್ಲ ಯುದ್ಧಕ್ಕೂ ವಿರೋಧ ಇರಬೇಕು, ಆ ವಿರೋಧ ಧಾರ್ಮಿಕ ನಂಬಿಕೆಯಿಂದ ಬಂದಿರಬೇಕು, ನಂಬಿಕೆ ಪ್ರಾಮಾಣಿಕವಾಗಿರಬೇಕು. ಮೂರರಲ್ಲೂ ಅಲಿ ಫೇಲ್ ಅಂತ ಸರ್ಕಾರ ಮೊದಲು ಹೇಳಿತ್ತು. ಸುಪ್ರೀಂ ಕೋರ್ಟಿನ ಮುಂದೆ ಎರಡರಲ್ಲಿ ಪಾಸ್ ಅಂತ ತಾನೇ ಒಪ್ಪಿಕೊಂಡಿತು. ಅಲಿಯ ಅರ್ಜಿ ತಳ್ಳಿಹಾಕಿದ್ದ ಮಂಡಳಿ ಯಾವ ಕಾರಣಕ್ಕೆ ತಳ್ಳಿಹಾಕಿದೆ ಅಂತ ಬರೆದೇ ಇರಲಿಲ್ಲ. ಕಾರಣ ಗೊತ್ತಿಲ್ಲದ ಮೇಲೆ ಶಿಕ್ಷೆ ನಿಲ್ಲದು ಅಂತ ಕೋರ್ಟ್ ಹೇಳಿತು. ಅಂದರೆ ನೀನು ಸರಿ ಅಂತ ಯಾರೂ ಅನ್ನಲಿಲ್ಲ. ಕಾಗದ ಸರಿ ಇಲ್ಲ ಅಂದರು. ಕಳೆದ ವರ್ಷಗಳನ್ನು ಯಾರೂ ವಾಪಸ್ ಕೊಡಲಿಲ್ಲ. ಸರ್ಕಾರಿ ಕಚೇರಿಗೆ ಚಪ್ಪಲಿ ಸವೆಸಿದವರಿಗೆ ಇಂಥ ಗೆಲುವಿನ ರುಚಿ ಗೊತ್ತು.

ವೇಗ ಹೋದ ಮೇಲೆ ಉಳಿದದ್ದು ತಲೆ. 1974ರ ಅಕ್ಟೋಬರ್ 30. ಆಫ್ರಿಕಾದ ಜಾಯಿರ್ ದೇಶ, ಇವತ್ತಿನ ಕಾಂಗೋ. ಕಿನ್ಶಾಸಾ ನಗರದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಪಂದ್ಯ. ಅಷ್ಟು ಹೊತ್ತಿಗೆ ಯಾಕೆ? ಅಮೆರಿಕದಲ್ಲಿ ಆಗ ರಾತ್ರಿ ಹತ್ತು, ಜನ ಪರದೆ ಮುಂದೆ ಕೂರುವ ಹೊತ್ತು. ಟಿವಿಯವರ ಗಡಿಯಾರ ಆಗಲೂ ಹೀಗೇ ಓಡ್ತಿತ್ತು! ಎದುರಿಗೆ 25 ವರ್ಷದ ಜಾರ್ಜ್ ಫೋರ್‌ಮನ್. 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ಅಲಿಗೆ 32.

ನಾನು ಎಂಜಿನಿಯರಿಂಗ್ ಓದಿದವನು. ಆ ಪಂದ್ಯದ ವಿಡಿಯೋ ನೋಡುವಾಗ ನನಗೆ ಕಾಣೋದು ಬೈಕಿನ ಶಾಕ್ ಅಬ್ಸಾರ್ಬರ್. ಗುಂಡಿಯಲ್ಲಿ ಚಕ್ರ ಬಿದ್ದಾಗ ಸ್ಪ್ರಿಂಗ್ ಬಾಗಿ ಹೊಡೆತವನ್ನು ತಾನು ನುಂಗುತ್ತೆ, ಸವಾರನ ಬೆನ್ನಿಗೆ ಅರ್ಧವೂ ಮುಟ್ಟಲ್ಲ. ಅಲಿ ರಿಂಗ್‌ನ ಹಗ್ಗಕ್ಕೆ ಒರಗಿ ನಿಂತರು. ಫೋರ್‌ಮನ್ ಹೊಡೆದ ಗುದ್ದುಗಳಲ್ಲಿ ಎಷ್ಟೋ ಪಾಲು ಹಗ್ಗಕ್ಕೆ ಹೋಯಿತು. ಹೊಡೆಯುವವನ ತೋಳು ಮಾತ್ರ ಪ್ರತಿ ಗುದ್ದಿಗೂ ಪೂರ್ತಿ ಶಕ್ತಿ ಖರ್ಚು ಮಾಡಿತು. ಏಳು ಸುತ್ತು ಹೀಗೇ. ಎಂಟನೇ ಸುತ್ತಿನಲ್ಲಿ ಸುಸ್ತಾದ ಫೋರ್‌ಮನ್ ಬಿದ್ದ. ಕಿತ್ತುಕೊಂಡ ಪಟ್ಟವನ್ನು ಏಳು ವರ್ಷದ ಮೇಲೆ ಅಲಿ ರಿಂಗ್‌ನಲ್ಲೇ ವಾಪಸ್ ತಗೊಂಡರು.

ಆದರೆ ಸ್ಪ್ರಿಂಗ್ ಹೊಡೆತವನ್ನೆಲ್ಲ ನುಂಗಲ್ಲ. ಒಂದಿಷ್ಟು ಪಾಲು ತಲೆಗೂ, ಹೊಟ್ಟೆಗೂ ಮುಟ್ಟಿತ್ತು. ಅದರ ಲೆಕ್ಕ ಆಮೇಲೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಇದು ಭಜನೆ ಆಗುತ್ತೆ. ಇತಿಹಾಸ ಅಂದಮೇಲೆ ಇನ್ನೊಂದು ಮಗ್ಗುಲೂ ನೋಡಬೇಕು. ಕಿನ್ಶಾಸಾ ಪಂದ್ಯಕ್ಕೆ ಒಬ್ಬೊಬ್ಬರಿಗೆ 50 ಲಕ್ಷ ಡಾಲರ್ ಸುರಿದದ್ದು ಮೊಬುಟು ಅನ್ನುವ ಸರ್ವಾಧಿಕಾರಿ. ಆ ದೇಶದ ಬಡವರ ದುಡ್ಡು ಅದು. ಅಲಿಗೆ ಅದು ಅಡ್ಡಿಯಾಗಲಿಲ್ಲ. ತಮ್ಮನ್ನು ದಾರಿಗೆ ತಂದ ಗೆಳೆಯ ಮಾಲ್ಕಂ ಎಕ್ಸ್ ಸಂಘಟನೆ ಬಿಟ್ಟಾಗ ಅಲಿ ಅವರಿಗೆ ಬೆನ್ನು ತಿರುಗಿಸಿದರು. ಮರುವರ್ಷ ಮಾಲ್ಕಂ ಕೊಲೆಯಾದರು. ಬಹಳ ವರ್ಷಗಳ ಮೇಲೆ ಅಲಿ ಅದಕ್ಕೆ ಪಶ್ಚಾತ್ತಾಪ ಪಟ್ಟರು. ಇನ್ನು ಕಷ್ಟಕಾಲದಲ್ಲಿ ಕೈಸಾಲ ಕೊಟ್ಟ ಜೋ ಫ್ರೇಜರ್? ಅವನನ್ನು ಅಲಿ ಊರೂರಲ್ಲಿ ಗೊರಿಲ್ಲಾ ಅಂತ ಗೇಲಿ ಮಾಡಿದರು. ಬಿಳಿಯರ ಬಾಲ ಹಿಡಿದವನು ಅಂದರು. ಫ್ರೇಜರ್ ಮಕ್ಕಳು ಶಾಲೆಯಲ್ಲಿ ಅದನ್ನು ಕೇಳಬೇಕಾಯಿತು. ಆ ನೋವನ್ನು ಫ್ರೇಜರ್ ದಶಕಗಳ ಕಾಲ ಮರೆಯಲಿಲ್ಲ.

ಕಲ್ಯಾಣದವನಾಗಿ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ಇನ್ನೊಂದು ವಿಷಯ. ಆ ದಿನಗಳಲ್ಲಿ ಅಲಿ ಕರಿಯರು ಬಿಳಿಯರು ಮದುವೆಯಾಗಬಾರದು ಅಂತ ಟಿವಿಯಲ್ಲಿ ಕೂತು ವಾದಿಸ್ತಿದ್ದರು. ಅವರವರು ಅವರವರ ಜೊತೆ ಇರಲಿ ಅನ್ನುವ ಮಾತು. ನಮ್ಮೂರ ಮಗ್ಗುಲಲ್ಲೇ, ಎಂಟುನೂರು ವರ್ಷದ ಹಿಂದೆ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳನ್ನು ಚಪ್ಪಲಿ ಹೊಲಿಯುವ ಕುಲದ ಹರಳಯ್ಯನವರ ಮಗನಿಗೆ ಕೊಟ್ಟು ಮದುವೆ ಮಾಡಿದರು. ಬಿಜ್ಜಳನ ಆಡಳಿತ ಅವರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟಿತು, ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸಿತು ಅಂತ ಶರಣ ಪರಂಪರೆ ಹೇಳುತ್ತೆ. ಬಿಜ್ಜಳ ಸತ್ತ, ಕಲ್ಯಾಣ ಖಾಲಿಯಾಯಿತು. ಎರಡು ಮನೆ ಒಂದಾಗಲಿ ಅಂತ ರಕ್ತ ಕೊಟ್ಟ ಊರಿನವನಿಗೆ, ಎರಡು ಬಣ್ಣ ಬೇರೆ ಬೇರೆಯೇ ಇರಲಿ ಅನ್ನುವ ಅಲಿಯ ಮಾತನ್ನು ಒಪ್ಪೋಕೆ ಆಗಲ್ಲ. ಅಲಿಯೂ ಅಲ್ಲೇ ನಿಲ್ಲಲಿಲ್ಲ. 1975ರಲ್ಲಿ ಎಲೈಜಾ ಮಹಮ್ಮದ್ ತೀರಿಕೊಂಡ ಮೇಲೆ ಅವರ ಮಗ ಸಂಘಟನೆಯನ್ನು ಸುನ್ನಿ ಇಸ್ಲಾಮಿನ ದಾರಿಗೆ ತಂದರು. ಅಲಿಯೂ ಆ ದಾರಿಗೆ ಬಂದರು. ಬಣ್ಣ ನೋಡಿ ಮನುಷ್ಯನನ್ನು ಅಳೆಯುವ ಹಳೇ ಪಾಠವನ್ನು ಕೈಬಿಟ್ಟರು.

ಬದಲಾಗುವ ಗುಣ ಅವರಲ್ಲಿತ್ತು ಅನ್ನೋದಕ್ಕೆ 1980ರ ಒಂದು ಪ್ರಸಂಗ ಸಾಕು. ಆ ವರ್ಷ ಅಲಿ ಭಾರತಕ್ಕೆ ಬಂದಿದ್ದರು. ನಮ್ಮ ಪಕ್ಕದ ಮದ್ರಾಸಿನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದರು. ಎಂಜಿಆರ್ ಕೂಡ ಅಲ್ಲಿದ್ದರು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿ ಆಗಿನ್ನೂ ಕೆಲವೇ ವಾರ. ಭಾರತದಲ್ಲಿದ್ದ ಅಲಿಗೆ ಅಮೆರಿಕದ ಅಧ್ಯಕ್ಷ ಕಾರ್ಟರ್ ಕಡೆಯಿಂದ ಕರೆ ಬಂತು: ಆಫ್ರಿಕಾದ ದೇಶಗಳಿಗೆ ಹೋಗಿ, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಲು ಒಪ್ಪಿಸಿ. ಹದಿಮೂರು ವರ್ಷದ ಹಿಂದೆ ಪಾಸ್‌ಪೋರ್ಟ್ ಕಿತ್ತುಕೊಂಡ ಸರ್ಕಾರ ಈಗ ವಿಮಾನ ಕೊಟ್ಟು ದೂತನನ್ನಾಗಿ ಕಳಿಸಿತು! ಟಾಂಜಾನಿಯಾದಲ್ಲಿ ಅಧ್ಯಕ್ಷ ನೈರೆರೆ ಭೇಟಿಗೇ ಒಪ್ಪಲಿಲ್ಲ. ಬಾಕ್ಸರ್‌ನನ್ನು ಕಳಿಸ್ತಾರಾ ಅಂತ ಬೇಸರ. ಪತ್ರಕರ್ತರು ನೇರವಾಗಿ ಕೇಳಿದರು: 1976ರಲ್ಲಿ ವರ್ಣಭೇದದ ವಿಷಯಕ್ಕೆ ಆಫ್ರಿಕಾ ಒಲಿಂಪಿಕ್ಸ್ ಬಹಿಷ್ಕರಿಸಿದಾಗ ಅಮೆರಿಕ ನಮ್ಮ ಜೊತೆ ನಿಂತಿತಾ? ಅಲಿ ಆ ಪ್ರಶ್ನೆಯನ್ನು ನುಂಗಿಕೊಳ್ಳಲಿಲ್ಲ. ಇದು ನನಗೆ ಯಾರೂ ಹೇಳಿರಲಿಲ್ಲ ಅಂತ ಎಲ್ಲರೆದುರೇ ಒಪ್ಪಿಕೊಂಡರು. ಕಳಿಸಿದವರಿಗೆ ಮುಜುಗರ ಆಯಿತು. ಸರ್ಕಾರದ ಚೀಟಿ ಓದೋಕೆ ಅಲಿ ಒಳ್ಳೆಯ ಆಯ್ಕೆ ಆಗಿರಲಿಲ್ಲ.

ಅವರ ಕಡೆಯ ಪಂದ್ಯ 1981ರ ಡಿಸೆಂಬರ್‌ನಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. ಒಟ್ಟು 61 ಪಂದ್ಯ, 56 ಗೆಲುವು, 5 ಸೋಲು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಯಿತು. ಜಗತ್ತಿನ ಅತಿ ದೊಡ್ಡ ಬಾಯಿ ಮೆಲ್ಲಗೆ ಮೆಲ್ಲಗೆ ಮೌನವಾಯಿತು. ಕೈ ನಡುಗತೊಡಗಿತು. ಆ ಸ್ಥಿತಿಯಲ್ಲೇ 1990ರ ನವೆಂಬರ್‌ನಲ್ಲಿ ಬಾಗ್ದಾದ್‌ಗೆ ಹೋದರು. ಕುವೈತ್ ಆಕ್ರಮಣದ ಮೇಲೆ ಸದ್ದಾಂ ಹುಸೇನ್ ವಿದೇಶಿಯರನ್ನು ಒತ್ತೆ ಇಟ್ಟುಕೊಂಡಿದ್ದ ಸಮಯ. ಅಮೆರಿಕ ಸರ್ಕಾರಕ್ಕೆ ಈ ಪ್ರವಾಸ ಇಷ್ಟ ಇರಲಿಲ್ಲ. ಮಾತಾಡಲು ಕಷ್ಟಪಡುತ್ತಿದ್ದ ಅಲಿ ದಿನಗಟ್ಟಲೆ ಕಾದು, ಸದ್ದಾಂನನ್ನು ಭೇಟಿಯಾಗಿ, 15 ಅಮೆರಿಕನ್ನರನ್ನು ಬಿಡಿಸಿಕೊಂಡು ಬಂದರು. ದೇಶದ್ರೋಹಿ ಅಂತ ಕರೆಸಿಕೊಂಡವರು ದೇಶದ ಜನರನ್ನು ಮನೆಗೆ ಕರೆತಂದರು.

1996ರ ಜುಲೈ 19. ಅಟ್ಲಾಂಟಾ ಒಲಿಂಪಿಕ್ಸ್. ಜ್ಯೋತಿ ಹಚ್ಚುವವರು ಯಾರು ಅನ್ನೋದು ಗುಟ್ಟಾಗಿತ್ತು. ಬೆಳಕಿಗೆ ಬಂದದ್ದು ನಡುಗುವ ಕೈಯ ಅಲಿ. ಕ್ರೀಡಾಂಗಣದಲ್ಲಿ ಜನ ಅತ್ತರು. ಕಳೆದುಹೋದ ರೋಮ್ ಪದಕದ ಬದಲು ಹೊಸ ಪದಕ ಕೊಟ್ಟರು. 2005ರಲ್ಲಿ ಅಧ್ಯಕ್ಷರ ಕೈಯಿಂದ ದೇಶದ ಅತ್ಯುನ್ನತ ನಾಗರಿಕ ಪದಕ. ಅದೇ ವರ್ಷ ಲೂಯಿವಿಲ್‌ನಲ್ಲಿ, ಒಂದು ಕಾಲಕ್ಕೆ ಹೋಟೆಲ್ ಊಟ ಸಿಗದ ಊರಲ್ಲಿ, ಅವರ ಹೆಸರಿನ ದೊಡ್ಡ ಕೇಂದ್ರ ಶುರುವಾಯಿತು. 2016ರ ಜೂನ್ 3ರಂದು, 74ನೇ ವಯಸ್ಸಿಗೆ, ಅಲಿ ತೀರಿಕೊಂಡರು. ಅಂತಿಮ ಯಾತ್ರೆಗೆ ಊರಿಗೆ ಊರೇ ರಸ್ತೆಗೆ ಬಂತು.

ಈಗ ಲೆಕ್ಕ ಹಾಕಿ. ಬೈಗುಳ 1967ರಲ್ಲಿ, ಜ್ಯೋತಿ 1996ರಲ್ಲಿ. ನಡುವೆ ಇಪ್ಪತ್ತೊಂಬತ್ತು ವರ್ಷ. ಗೌರವ ಬಂದದ್ದು ಯಾವಾಗ? ವಿಯೆಟ್ನಾಂ ಯುದ್ಧ ಮುಗಿದು ಎರಡು ದಶಕ ಆಗಿತ್ತು. ಅದು ತಪ್ಪು ಯುದ್ಧ ಅಂತ ದೇಶದಲ್ಲಿ ಬಹಳ ಜನ ಒಪ್ಪಿಕೊಂಡಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲಿಗೆ ಮಾತಾಡೋಕೆ ಬರ್ತಿರಲಿಲ್ಲ. ಮಾತಾಡುವ ಅಲಿಯನ್ನು ಕಂಡರೆ ಉರಿದುಬೀಳ್ತಿದ್ದ ದೇಶ, ಮೌನವಾದ ಅಲಿಯನ್ನು ಅಪ್ಪಿಕೊಂಡಿತು. ಕಲ್ಯಾಣದಲ್ಲೂ ಹೀಗೇ ಅಲ್ಲವೇ? ಪ್ರಶ್ನೆ ಕೇಳುವ ಬಸವಣ್ಣನನ್ನು ಊರು ಉಳಿಸಿಕೊಳ್ಳಲಿಲ್ಲ. ಪ್ರತಿಮೆ ಪ್ರಶ್ನೆ ಕೇಳಲ್ಲ. ಅದಕ್ಕೇ 108 ಅಡಿ ಎತ್ತರ ನಿಲ್ಲಿಸೋಕೆ ಯಾರ ತಕರಾರೂ ಬರಲ್ಲ.

ಇದನ್ನು ಹಳೇ ಕತೆ ಅಂತ ಪಕ್ಕಕ್ಕಿಡಬೇಡಿ. 2023ರ ಮೇ 28 ನೆನಪಿದೆಯಾ? ದೆಹಲಿಯಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆ. ಅದೇ ದಿನ, ಅದೇ ಊರಿನ ರಸ್ತೆಯಲ್ಲಿ, ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಅವರನ್ನು ಪೊಲೀಸರು ಎಳೆದು ವ್ಯಾನಿಗೆ ತುಂಬಿದರು. ಮಹಿಳಾ ಕುಸ್ತಿಪಟುಗಳಿಗೆ ಲೈಂಗಿಕ ಕಿರುಕುಳ ಆಗಿದೆ ಅಂತ ದೂರಿ ಬೀದಿಗೆ ಬಂದಿದ್ದವರು ಅವರು. ಎರಡು ದಿನ ಬಿಟ್ಟು ಪದಕಗಳನ್ನು ಗಂಗೆಗೆ ಬಿಡ್ತೀವಿ ಅಂತ ಹರಿದ್ವಾರಕ್ಕೆ ಹೋದರು. ಓಹಿಯೋ ನದಿಯ ಕತೆ ನೆನಪಾಗದೇ ಇರುತ್ತಾ? ಆರೋಪದ ಸತ್ಯಾಸತ್ಯತೆ ತೀರ್ಮಾನಿಸೋದು ಕೋರ್ಟ್. ಅದರ ಬಗ್ಗೆ ನಾನಿಲ್ಲಿ ತೀರ್ಪು ಕೊಡಲ್ಲ. ಆದರೆ ಅವತ್ತು ಎಷ್ಟು ಸ್ಟುಡಿಯೋಗಳಲ್ಲಿ, ಎಷ್ಟು ಮನೆಗಳಲ್ಲಿ ಒಂದೇ ಮಾತು ಕೇಳಿಬಂತು: "ಆಟ ಆಡೋರಿಗೆ ಈ ಉಸಾಬರಿ ಯಾಕೆ? ಇದರ ಹಿಂದೆ ಯಾರಿದ್ದಾರೆ?" 1967ರಲ್ಲಿ ಅಲಿಗೆ ಕೇಳಿದ್ದೂ ಇದನ್ನೇ. ಪ್ರಶ್ನೆ ಕೇಳಿದವರ ಮಕ್ಕಳು ಇವತ್ತು ಅಲಿಯ ಫೋಟೋ ಇರುವ ಟೀ ಶರ್ಟ್ ಹಾಕ್ತಾರೆ.

ಮಾತಾಡಿದವರೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಅಲಿಯ ಎಷ್ಟೋ ಮಾತು ತಪ್ಪಾಗಿತ್ತು ಅಂತ ಈಗಷ್ಟೇ ಹೇಳಿದೆ. ನಾಳೆ ಯಾರಾದರೂ ಆಟಗಾರ, ನಟ, ಕವಿ, ನಿಮ್ಮೂರಿನ ಒಬ್ಬ ಮೇಷ್ಟ್ರು, ಬಹುಮತಕ್ಕೆ ಹಿಡಿಸದ ಒಂದು ಮಾತು ಹೇಳ್ತಾರೆ. ಒಪ್ಪಬೇಡಿ, ಜಗಳ ಆಡಿ, ತಪ್ಪು ಅಂತ ಮುಖಕ್ಕೆ ಹೇಳಿ. ಆದರೆ ಮಾತು ಮುಗಿಸೋಕೆ ಬಿಡಿ. ಅವರ ಅನ್ನಕ್ಕೆ, ಆಟಕ್ಕೆ, ಪಾಸ್‌ಪೋರ್ಟ್‌ಗೆ ಕೈ ಹಾಕಿದರೆ ಮಾತ್ರ ಇದು ಸರಿಯಲ್ಲ ಅಂತ ಒಂದು ದನಿ ಎತ್ತಿ. ಮೂವತ್ತು ವರ್ಷ ಬಿಟ್ಟು ಹಾರ ಹಾಕೋದಕ್ಕಿಂತ ಅದರ ಖರ್ಚು ಕಡಿಮೆ.

ಬಸವಕಲ್ಯಾಣಕ್ಕೆ ಬಂದಾಗ ಪ್ರತಿಮೆ ಜೊತೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಊರೊಳಗೆ ಒಂದು ಸುತ್ತು ನಡೆದು ಬನ್ನಿ. ಹರಳಯ್ಯನವರನ್ನು ಎಳೆದದ್ದು ಅಲ್ಲಿನ ಬೀದಿಗಳಲ್ಲೇ. ಜನ ಎರಡೂ ಕಡೆ ನಿಂತು ನೋಡಿರಬೇಕು. ನಾವು ಅವತ್ತು ಇದ್ದಿದ್ದರೆ ಏನು ಮಾಡ್ತಿದ್ದೆವು ಅಂತ ಒಂದು ನಿಮಿಷ ಯೋಚಿಸಿ.